ಊರ ಪಕ್ಕದ ಕಾಡಿನಲ್ಲಿ ಸಿಂಗಳೀಕ ಇದೆ, ಉಳಿಸುವ ಕೆಲಸ ಎಲ್ಲಿಂದ ಶುರು ಮಾಡೋದು?

"ನಮ್ಮೂರ ಬೆಟ್ಟದಲ್ಲಿ ಸಿಂಗಳೀಕ ಇದೆ. ಉಳಿಸಬೇಕು ಅಂತ ಆಸೆ. ಯಾರಿಗೆ ಅರ್ಜಿ ಕೊಡಬೇಕು?" ಮಲೆನಾಡಿನ ಓದುಗರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕೆಲವರು ಸಿಂಗಳೀಕ ಅನ್ನುವ ಈ ಕೋತಿಯ ಬದಲು ಮಂಗಟ್ಟೆ ಹಕ್ಕಿಯ ಬಗ್ಗೆ ಕೇಳುತ್ತಾರೆ, ಕೆಲವರು ಕೆನ್ನಾಯಿ ಅನ್ನುವ ಕಾಡುನಾಯಿಯ ಬಗ್ಗೆ ಕೇಳುತ್ತಾರೆ. ಉತ್ತರ ಮಾತ್ರ ಎಲ್ಲರಿಗೂ ಒಂದೇ. ಅರ್ಜಿ ಆಮೇಲೆ. ಆ ಕಾಡಿಗೆ ಯಾರ್ಯಾರು, ಯಾವ ತಿಂಗಳಲ್ಲಿ, ಏನು ತರಲು ಹೋಗುತ್ತಾರೆ ಅನ್ನೋದನ್ನು ಮೊದಲು ಬರೆದುಕೊಳ್ಳಿ.

ನಮ್ಮ ಕಾಡುಗಳು ಜನ ಇಲ್ಲದ ಕಾಡುಗಳಲ್ಲ. ಸೊಪ್ಪು, ದರಕು (ಉದುರಿದ ಒಣ ಎಲೆ), ಸೌದೆ, ಜೇನು, ಉಪ್ಪಾಗೆ ಹಣ್ಣು, ದನ ಮೇಯಿಸುವುದು, ಎಲ್ಲವೂ ಅಲ್ಲೇ ನಡೆಯುತ್ತದೆ. ಕಾಡಿಗೆ ಹೋಗುವವರನ್ನು ಕೇಳದೆ ಮಾಡಿದ ನಿಯಮ ಬೋರ್ಡಿನ ಮೇಲೆ ಉಳಿಯುತ್ತದೆ, ಕಾಡಿನೊಳಗೆ ಉಳಿಯುವುದಿಲ್ಲ.

ಇದು ಸೊಪ್ಪಿನ ಬೆಟ್ಟ, ಕಾನು ಅನ್ನುವ ದಟ್ಟ ಹಸಿರು ಕಾಡು, ದೇವರಕಾಡು, ಊರಿಗೆ ತಾಗಿದ ಮೀಸಲು ಅರಣ್ಯ ಇಂಥ ಕಡೆಗಳಿಗಾಗಿ ಬರೆದದ್ದು. ನಿಮ್ಮ ಕಾಡು ಅಭಯಾರಣ್ಯ ಅಥವಾ ರಾಷ್ಟ್ರೀಯ ಉದ್ಯಾನದ ಒಳಗಿದ್ದರೆ ನಿಯಮಗಳು ತುಂಬಾ ಬಿಗಿ. ಅಲ್ಲಿ ಪ್ರತಿ ಹೆಜ್ಜೆಗೂ ಮುಂಚೆ ವಲಯ ಅರಣ್ಯಾಧಿಕಾರಿಯ ಹತ್ತಿರ ಮಾತಾಡಿ.

ಬೇಕಾಗುವುದು ಇಷ್ಟೇ: ಒಂದು ದಪ್ಪ ನೋಟ್‌ಬುಕ್, ಸರ್ವೆ ನಂಬರ್ ಇರುವ ಗ್ರಾಮ ನಕಾಶೆ, ಐದಾರು ಜನ, ಮತ್ತು ಒಂದು ಪೂರ್ತಿ ವರ್ಷ. ಆ ಐದಾರು ಜನರಲ್ಲಿ ಕಾಡಿನ ಉತ್ಪನ್ನದಿಂದಲೇ ಮನೆ ನಡೆಸುವವರು ಇಬ್ಬರಾದರೂ ಇರಲಿ. ಹೆಂಗಸರು ಇರಲೇಬೇಕು, ಏಕೆಂದರೆ ಸೌದೆ ಎಲ್ಲಿ ಕಮ್ಮಿಯಾಗಿದೆ ಅಂತ ಅವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ. ದುರ್ಬೀನು ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ.

1. ಒಂದೇ ಪ್ರಾಣಿ ಆರಿಸಿ, ಅದಕ್ಕೆ ಏನು ಬೇಕು ನೋಡಿ

"ಎಲ್ಲ ವನ್ಯಜೀವಿ ಉಳಿಸುತ್ತೇವೆ" ಅಂತ ಹೊರಟರೆ ಏನು ಮಾಡಬೇಕು ಅಂತಲೇ ತಿಳಿಯುವುದಿಲ್ಲ. ಒಂದನ್ನು ಹಿಡಿಯಿರಿ. ಇಲ್ಲಿ ಸಿಂಗಳೀಕವನ್ನೇ ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ.

ಮೊದಲು ಗುರುತು ಖಚಿತವಾಗಲಿ. ಎಷ್ಟೋ ಊರುಗಳಲ್ಲಿ ಮುಸಿಯನನ್ನೂ ಸಿಂಗಳೀಕ ಅಂತಲೇ ಕರೆಯುತ್ತಾರೆ. ಮುಸಿಯನದು ಬೂದು ಮೈ, ಕಪ್ಪು ಮುಖ, ಮೈಗಿಂತ ಉದ್ದದ ಬಾಲ. ಸಿಂಗಳೀಕದ್ದು ಕಪ್ಪು ಮೈ, ಮುಖದ ಸುತ್ತ ಬೆಳ್ಳಿ ಬಣ್ಣದ ಕೇಸರ, ಗಿಡ್ಡ ಬಾಲ, ಬಾಲದ ತುದಿಯಲ್ಲಿ ಸಿಂಹದ ಹಾಗೆ ಕುಚ್ಚು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಿನಲ್ಲೂ ಇದು ಇಲ್ಲ.

ಇದು ಮರದಿಂದ ಮರಕ್ಕೆ ದಾಟಿಕೊಂಡೇ ಬದುಕುವ ಪ್ರಾಣಿ. ನೆತ್ತಿಗೆ ನೆತ್ತಿ ತಾಗಿರುವ ದಟ್ಟ ಕಾಡು ಬೇಕು. ರಸ್ತೆಗಾಗಿ ಎರಡು ಬದಿಯ ಮರ ಕಡಿದರೆ ಗುಂಪು ನೆಲಕ್ಕಿಳಿಯಬೇಕು, ಆಗ ವಾಹನ, ನಾಯಿ ಎರಡರ ಭಯ. ಒಂದು ಸಲಕ್ಕೆ ಒಂದೇ ಮರಿ, ಎರಡು ಮರಿಗಳ ನಡುವೆ ವರ್ಷಗಳ ಅಂತರ. ಒಂದು ಹೆಣ್ಣು ಸತ್ತರೆ ಆ ಜಾಗ ಬೇಗ ತುಂಬುವುದಿಲ್ಲ.

ನಿಮ್ಮದು ಮಂಗಟ್ಟೆಯಾದರೆ ಬೇಕಾದದ್ದೇ ಬೇರೆ. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಕೂತು ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ, ಗಂಡು ಹೊರಗಿನಿಂದ ಹಣ್ಣು ತಂದು ಕೊಡುತ್ತದೆ. ಹಾಗಾಗಿ ಪೊಟರೆ ಇರುವ ಹಳೇ ದೊಡ್ಡ ಮರಗಳೇ ಮುಖ್ಯ. "ಒಣಗಿದ ಮುದಿ ಮರ ತಾನೇ" ಅಂತ ಕಡಿದರೆ ಒಂದು ಗೂಡೇ ಹೋದಂತೆ.

ಆ ಪ್ರಾಣಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಯಾವ ಅನುಸೂಚಿಯಲ್ಲಿದೆ ಅಂತಲೂ ನೋಡಿ. ಅನುಸೂಚಿ ಅಂದರೆ ಯಾವ ಜೀವಿಗೆ ಎಷ್ಟು ರಕ್ಷಣೆ ಅಂತ ಹೇಳುವ ಕಾಯ್ದೆಯ ಪಟ್ಟಿ. 1ನೇ ಅನುಸೂಚಿಯಲ್ಲಿದ್ದರೆ ರಕ್ಷಣೆ ಅತಿ ಹೆಚ್ಚು. ಸಿಂಗಳೀಕ ಅದರಲ್ಲಿದೆ. 2022ರ ತಿದ್ದುಪಡಿಯಲ್ಲಿ ಪಟ್ಟಿಗಳೆಲ್ಲ ಬದಲಾಗಿವೆ, ಹಳೇ ಪುಸ್ತಕ ನೋಡಿ ಮೋಸ ಹೋಗಬೇಡಿ.

2. ಊರಿನ ಕ್ಯಾಲೆಂಡರ್, ಪ್ರಾಣಿಯ ಕ್ಯಾಲೆಂಡರ್ ಅಕ್ಕಪಕ್ಕ ಬರೆಯಿರಿ

ಈ ಕೆಲಸಕ್ಕೆ ಆತುರ ಬೇಡ. ನೋಟ್‌ಬುಕ್‌ನಲ್ಲಿ ಹನ್ನೆರಡು ತಿಂಗಳಿಗೆ ಹನ್ನೆರಡು ಸಾಲು ಎಳೆಯಿರಿ. ಎಡಗಡೆ ಊರಿನವರು ಆ ತಿಂಗಳು ಕಾಡಿನಿಂದ ಏನು ತರುತ್ತಾರೆ, ಬಲಗಡೆ ಪ್ರಾಣಿ ಆ ತಿಂಗಳು ಏನು ತಿನ್ನುತ್ತದೆ, ಯಾವಾಗ ಮರಿ ಹಾಕುತ್ತದೆ. ಎರಡೂ ಒಂದೇ ಮರದಲ್ಲಿ, ಒಂದೇ ತಿಂಗಳಲ್ಲಿ ಎದುರಾದರೆ ತೊಂದರೆ ಇರುವುದು ಅಲ್ಲೇ. ಮಿಕ್ಕ ತಿಂಗಳುಗಳ ಬಗ್ಗೆ ಸುಮ್ನೆ ನಿಯಮ ಮಾಡಬೇಡಿ.

ಶಿರಸಿ, ಸಿದ್ದಾಪುರ, ಹೊನ್ನಾವರ ಕಡೆಯ ಕಾಡುಗಳಲ್ಲಿ ಆ ಮರ ಉಪ್ಪಾಗೆ. ಹಣ್ಣು ನೋಡಲು ಪುಟ್ಟ ಕುಂಬಳಕಾಯಿ ಹಾಗೆ, ಮೈಮೇಲೆ ಗೀರು ಗೀರು. ಮಳೆಗಾಲದಲ್ಲಿ ಹಳದಿಯಾಗಿ ಹಣ್ಣಾಗುತ್ತದೆ. ಸಿಂಗಳೀಕಕ್ಕೆ ಅದು ಪ್ರೀತಿಯ ಆಹಾರ. ಊರಿನವರಿಗೆ ಅದರ ಸಿಪ್ಪೆ ಬೇಕು, ಒಣಗಿಸಿದರೆ ಕಪ್ಪಗಾಗುತ್ತದೆ, ಮಾರಿದರೆ ಮಳೆಗಾಲದ ಖರ್ಚಿಗೆ ದುಡ್ಡು. ಬೀಜದಿಂದ ತುಪ್ಪ ತೆಗೆಯುತ್ತಾರೆ.

ಈಗ ಮರದ ಕೆಳಗೆ ನಿಂತು ನೋಡಿ. ಹಣ್ಣು ಪೂರ್ತಿ ಮಾಗುವ ಮೊದಲೇ ಕೊಯ್ಲು ಆಗಿರುತ್ತದೆ. ನೆಲದ ಮೇಲೆ ಹಸಿರು ಕಾಯಿಯ ಚೂರು, ಪಕ್ಕದಲ್ಲಿ ಎಲೆ ಸಮೇತ ಮುರಿದು ಬಿದ್ದ ರೆಂಬೆ. ಮುರಿದ ರೆಂಬೆಯಲ್ಲಿ ಮುಂದಿನ ವರ್ಷ ಕಾಯಿ ಎಲ್ಲಿಂದ ಬರಬೇಕು? ಕಾಯಿ ಬಲಿಯದಿದ್ದರೆ ಬೀಜವೂ ಬಲಿಯುವುದಿಲ್ಲ, ಹೊಸ ಸಸಿಯೂ ಇಲ್ಲ. ಹಸಿ ಕಾಯಿಯ ಸಿಪ್ಪೆಗೆ ಬೆಲೆಯೂ ಕಮ್ಮಿ. ಇದು ಕೊಯ್ಯುವವರಿಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ. ಚೆನ್ನಾಗಿ ಗೊತ್ತು. ಆದರೂ ಯಾಕೆ ಕೊಯ್ಯುತ್ತಾರೆ ಅಂತ ಕೇಳಿದರೆ ಸಿಗುವ ಉತ್ತರ ಇದು: "ನಾನು ಇವತ್ತು ಕೊಯ್ಯದಿದ್ದರೆ ನಾಳೆ ಇನ್ನೊಬ್ಬ ಕೊಯ್ತಾನೆ."

ಈ ಮಾತನ್ನು ನೋಟ್‌ಬುಕ್‌ನಲ್ಲಿ ದೊಡ್ಡದಾಗಿ ಬರೆದುಕೊಳ್ಳಿ. ಆ ಮನುಷ್ಯನಿಗೆ ಕಾಡಿನ ಮೇಲೆ ಪ್ರೀತಿ ಇಲ್ಲ ಅಂತ ಇದರ ಅರ್ಥವಲ್ಲ. ಕಾದರೆ ತನಗೇ ನಷ್ಟ ಅನ್ನುವ ಭಯ ಅದು. ಜಾಗೃತಿ ಭಾಷಣದಿಂದ ಆ ಭಯ ಹೋಗುವುದಿಲ್ಲ.

ಒಲೆಯನ್ನೂ ಮರೆಯಬೇಡಿ. ಮಳೆಗಾಲದಲ್ಲಿ ಬಿಸಿಲಿಲ್ಲ, ಹಾಗಾಗಿ ಸಿಪ್ಪೆಯನ್ನು ಬೆಂಕಿಯ ಮೇಲೆ ಅಟ್ಟ ಕಟ್ಟಿ ಒಣಗಿಸಬೇಕು. ಅದಕ್ಕೆ ರಾಶಿ ರಾಶಿ ಸೌದೆ ಬೇಕು. ಹಣ್ಣಿಗಾಗಿ ಒಂದು ಮರಕ್ಕೆ ಪೆಟ್ಟು, ಒಣಗಿಸಲು ಇನ್ನೊಂದು ಮರಕ್ಕೆ ಪೆಟ್ಟು.

3. ನಿಯಮ ಕಮ್ಮಿ ಇರಲಿ, ಕಣ್ಣಿಗೆ ಕಾಣುವಂಥದ್ದಿರಲಿ

ಭಯ ಹೋಗಬೇಕಾದರೆ ಎಲ್ಲರೂ ಒಂದೇ ದಿನ ಕೊಯ್ಲು ಶುರು ಮಾಡಬೇಕು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ. "ಹಿತಮಿತವಾಗಿ ಕೊಯ್ಯಿರಿ" ಅನ್ನೋದು ನಿಯಮವಲ್ಲ, ಯಾರೂ ಅದನ್ನು ಅಳೆಯಲಾರರು. "ಇಂಥ ದಿನದ ಮೊದಲು ಯಾರೂ ಉಪ್ಪಾಗೆ ಮುಟ್ಟುವ ಹಾಗಿಲ್ಲ" ಅನ್ನೋದು ನಿಯಮ. ದಿನವನ್ನು ನೀವು ಹೇಳಬೇಡಿ. ವರ್ಷವೂ ಮರ ಹತ್ತುವವರು ಕಾಯಿ ನೋಡಿ ಹೇಳಲಿ.

ಜೊತೆಗೆ ಇನ್ನು ಮೂರು ಮಾತು ಸಾಕು. ರೆಂಬೆ ಕಡಿಯುವುದಿಲ್ಲ. ಪ್ರತಿ ಮರದಲ್ಲೂ ನೆತ್ತಿಯ ಹಣ್ಣು ಪ್ರಾಣಿಗೆ ಬಿಡುತ್ತೇವೆ. ಬಿದ್ದ ಮಾಗಿದ ಹಣ್ಣನ್ನು ಮೊದಲು ಹೆಕ್ಕುತ್ತೇವೆ. ಸೌದೆ ಕಮ್ಮಿ ತಿನ್ನುವ ಸುಧಾರಿತ ಒಣಗಿಸುವ ಒಲೆ ನಾಲ್ಕೈದು ಮನೆ ಸೇರಿ ಕಟ್ಟಿಸಿಕೊಂಡರೆ ಖರ್ಚು ಹಂಚಿಹೋಗುತ್ತದೆ.

ಸಾಮಾನ್ಯವಾಗಿ ಎಡವುವ ಜಾಗ ಎರಡು. ಒಂದು, ಪಕ್ಕದ ಊರು. ನೀವು ಕಾದರೆ ಅವರು ಬಂದು ಕೊಯ್ದರೆ ಒಪ್ಪಂದ ಒಂದೇ ವಾರದಲ್ಲಿ ಮುರಿಯುತ್ತದೆ. ಅದೇ ಕಾಡಿಗೆ ಬರುವ ಎಲ್ಲ ಕೇರಿಗಳನ್ನೂ ಮೊದಲ ಸಭೆಗೇ ಕರೆಯಿರಿ. ಎರಡು, ಖರೀದಿ ಮಾಡುವ ವ್ಯಾಪಾರಿ. ಮುಂಗಡ ಕೊಟ್ಟವರು ಬೇಗ ಮಾಲು ಬೇಕು ಅಂತಾರೆ. ಬಲಿತ ಹಣ್ಣಿನ ಸಿಪ್ಪೆಯನ್ನು ಬೇರೆ ಮಾಡಿ, ಒಟ್ಟಿಗೆ ಮಾರಿದರೆ ಬೆಲೆ ಕೇಳುವ ಧೈರ್ಯ ಬರುತ್ತದೆ. ಕಾದದ್ದಕ್ಕೆ ನಾಲ್ಕು ಕಾಸು ಜಾಸ್ತಿ ಸಿಗದಿದ್ದರೆ ಎರಡನೇ ವರ್ಷ ಯಾರೂ ಕಾಯುವುದಿಲ್ಲ, ಅಲ್ವಾ?

4. ಜಾಗ ಯಾರದ್ದು, ಕಾನೂನು ಯಾವುದು

ಗ್ರಾಮ ನಕಾಶೆ ಹಿಡಿದು ಒಂದೊಂದೇ ಸರ್ವೆ ನಂಬರ್ ನೋಡಿ. ಕಂದಾಯ ಭೂಮಿಯೋ, ಮೀಸಲು ಅರಣ್ಯವೋ, ದೇವರಕಾಡೋ, ಸೊಪ್ಪಿನ ಬೆಟ್ಟವೋ. ಸೊಪ್ಪಿನ ಬೆಟ್ಟ ಅಂದರೆ ಅಡಿಕೆ ತೋಟಕ್ಕೆ ಸೊಪ್ಪು, ದರಕು ತರಲು ಬಿಟ್ಟುಕೊಟ್ಟ ಕಾಡು. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಇದೆ. ಬಳಸುವ ಸೌಲಭ್ಯ ತೋಟದವರದ್ದು, ಭೂಮಿ ಸರ್ಕಾರದ್ದು. ಇದು ಗೊತ್ತಿಲ್ಲದೆ ಸಭೆಯಲ್ಲಿ ಜಗಳವಾಗುತ್ತದೆ.

ನಿಮಗೆ ಬಳಕೆಗೆ ಬರುವ ದಾರಿಗಳು ಮೂರು.

ಮೊದಲನೆಯದು ಜೀವವೈವಿಧ್ಯ ನಿರ್ವಹಣಾ ಸಮಿತಿ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಇದು ಇರಬೇಕು. ಊರಿನ ಗಿಡ, ಪ್ರಾಣಿ, ಅವುಗಳ ಬಗ್ಗೆ ಜನರಿಗಿರುವ ತಿಳಿವಳಿಕೆ ಎಲ್ಲವನ್ನೂ ಬರೆದಿಡುವ ಪುಸ್ತಕಕ್ಕೆ ಜನತಾ ಜೀವವೈವಿಧ್ಯ ದಾಖಲಾತಿ ಅಂತ ಹೆಸರು, ಅದನ್ನು ಮಾಡುವುದು ಈ ಸಮಿತಿಯ ಕೆಲಸ. ಪಂಚಾಯಿತಿಗೆ ಹೋಗಿ ಪ್ರತಿ ಕೇಳಿ. ಎಷ್ಟೋ ಕಡೆ ಸಮಿತಿ ಕಾಗದದ ಮೇಲಷ್ಟೇ ಇರುತ್ತದೆ. ಹಾಗಿದ್ದರೂ ಬೇಜಾರಾಗಬೇಡಿ. ನೀವು ಬರೆದ ಕ್ಯಾಲೆಂಡರ್ ಅನ್ನೇ ಅದಕ್ಕೆ ಸೇರಿಸಲು ಠರಾವು ಮಾಡಿಸಿ.

ಎರಡನೆಯದು ಗ್ರಾಮ ಅರಣ್ಯ ಸಮಿತಿ. ಕರ್ನಾಟಕದಲ್ಲಿ 1993ರಿಂದ ನಡೆದು ಬಂದ ಜಂಟಿ ಅರಣ್ಯ ಯೋಜನೆಯದ್ದು. ನಿಮ್ಮೂರಲ್ಲಿ ಜೀವಂತವಾಗಿದ್ದರೆ ಬಳಸಿಕೊಳ್ಳಿ.

ಮೂರನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿಯಾದದ್ದು, 2006ರ ಅರಣ್ಯ ಹಕ್ಕು ಕಾಯ್ದೆ. ಇದನ್ನು ಜನ ಮನೆ, ಗದ್ದೆಯ ಪಟ್ಟಾ ಪಡೆಯುವ ಕಾಯ್ದೆ ಅಂತಷ್ಟೇ ತಿಳಿದಿದ್ದಾರೆ. ಅದರ ಒಳಗೇ ಸಮುದಾಯ ಅರಣ್ಯ ಸಂಪನ್ಮೂಲ ಹಕ್ಕು ಅಂತ ಇದೆ. ತಲೆಮಾರುಗಳಿಂದ ನೋಡಿಕೊಂಡು ಬಂದ ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕು ಅದು, ಸಿಗುವುದು ಗ್ರಾಮಸಭೆಗೆ. ಅರ್ಜಿ ಹಾಕಲು ಸಿ ನಮೂನೆ. ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೂ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ಇದ್ದದ್ದಕ್ಕೆ ಸಾಕ್ಷಿ ತೋರಿಸಬೇಕು. ಹಳೇ ನಕಾಶೆ, ಗೆಜೆಟಿಯರ್, ಹಿರಿಯರ ಹೇಳಿಕೆ ಜೋಡಿಸಿಡಿ.

ಇದು ಆಗದ ಮಾತಲ್ಲ. ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದದ್ದು 2011ರಲ್ಲಿ. ಅದೇ ವರ್ಷ ಅಲ್ಲಿನ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರವೂ ಸಿಕ್ಕಿತು. ಹುಲಿಯೂ ಇದೆ, ಜೇನು ತೆಗೆಯುವ ಸೋಲಿಗರೂ ಇದ್ದಾರೆ.

5. ಬೇಲಿ ಸುತ್ತಿ ಉರುಳು ಹುಡುಕಿ

ಇದನ್ನು ಬೇರೆ ಹಂತವಾಗಿಯೇ ಬರೆಯುತ್ತಿದ್ದೇನೆ, ಏಕೆಂದರೆ ಬಹಳ ಊರುಗಳು ಮರ ನೆಡುತ್ತವೆ, ಉರುಳು ನೋಡುವುದಿಲ್ಲ. ಹಂದಿಗೆ ಅಂತ ಇಟ್ಟ ಉರುಳಿಗೆ ಚಿರತೆ, ಕರಡಿ, ಹುಲಿ ಕೂಡ ಸಿಕ್ಕಿಕೊಳ್ಳುತ್ತವೆ. ಸೊಂಟಕ್ಕೆ ತಂತಿ ಕೊಯ್ದು ನರಳಿ ನರಳಿ ಸಾಯುತ್ತವೆ.

ತೋಟದ ಬೇಲಿ ಗುಂಟ ನಿಧಾನ ನಡೆಯಿರಿ. ಬೇಲಿಯಲ್ಲಿ ಕಂಡಿ ಇರುವ ಕಡೆ, ಹುಲ್ಲು ತುಳಿದು ದಾರಿಯಾದ ಕಡೆ ಬಗ್ಗಿ ನೋಡಿ. ಬೈಕಿನ ಕ್ಲಚ್ ತಂತಿಯ ಕುಣಿಕೆ ಎಲೆ ಮರೆಯಲ್ಲಿ ತೂಗುತ್ತಿರುತ್ತದೆ, ಇನ್ನೊಂದು ತುದಿ ಗೂಟಕ್ಕೋ ಬೇರಿಗೋ ಕಟ್ಟಿರುತ್ತದೆ. ನಿಂತು ನೋಡಿದರೆ ಕಾಣುವುದಿಲ್ಲ. ಇಬ್ಬರು ಮೂವರು ಒಟ್ಟಿಗೆ ಹೋಗಿ. ಕಂಡರೆ ಫೋಟೋ ತೆಗೆದು, ಇಲಾಖೆಯ ಸಿಬ್ಬಂದಿಗೆ ಹೇಳಿ, ಅವರ ಎದುರೇ ತೆಗೆಸಿ. ಪ್ರಾಣಿ ಸಿಕ್ಕಿಕೊಂಡಿದ್ದರೆ ಹತ್ತಿರ ಹೋಗಲೇಬೇಡಿ. ಜನರನ್ನು ದೂರ ಇಟ್ಟು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.

ವಿದ್ಯುತ್ ಬೇಲಿ ವಿಷಯದಲ್ಲೂ ಸ್ಪಷ್ಟ ಇರಿ. ಸೋಲಾರ್ ಬೇಲಿಯಲ್ಲಿ ಕ್ಷಣ ಮಾತ್ರ ಶಾಕ್ ಬಂದು ಹೋಗುತ್ತದೆ, ಪ್ರಾಣಿ ಹೆದರುತ್ತದೆ. ಲೈನಿನಿಂದ ನೇರ ತಂತಿ ಎಳೆದರೆ ಆನೆಯೂ ಸಾಯುತ್ತದೆ, ಪಕ್ಕದ ಮನೆಯ ಹುಡುಗನೂ ಸಾಯುತ್ತಾನೆ. ಅದು ಅಪರಾಧ.

6. ಬೆಳೆ ಹೋದವರ ಜೊತೆ ನಿಲ್ಲಿ

ಹಂದಿ, ಮಂಗ, ಆನೆ ಬೆಳೆ ತಿಂದು ಹೋದ ಮನೆಯವರ ಹತ್ತಿರ ಸಂರಕ್ಷಣೆಯ ಮಾತಾಡಿದರೆ ಕೋಪ ಬರುವುದು ಸಹಜ. ಗುಂಪಿನಲ್ಲಿ ಒಬ್ಬರು ಪರಿಹಾರದ ಅರ್ಜಿ ಬರೆದುಕೊಡುವ ಕೆಲಸವನ್ನೇ ಹೊತ್ತುಕೊಳ್ಳಲಿ. ಹಾನಿಯಾದ ದಿನವೇ ಫೋಟೋ, ಪಹಣಿ, ಬ್ಯಾಂಕ್ ಪಾಸ್‌ಬುಕ್ ಪ್ರತಿ ಸೇರಿಸಿ ವಲಯ ಕಚೇರಿಗೆ ಕೊಡಿ, ಸ್ವೀಕೃತಿ ಪಡೆಯಿರಿ. ತಡಮಾಡಿದಷ್ಟೂ ಅರ್ಜಿ ಬಿದ್ದುಹೋಗುವ ಸಾಧ್ಯತೆ ಜಾಸ್ತಿ.

ದನವನ್ನು ಚಿರತೆಯೋ ಹುಲಿಯೋ ಹಿಡಿದರೆ, ಸಿಬ್ಬಂದಿ ಬಂದು ನೋಡುವವರೆಗೆ ಕಳೇಬರ ಎಳೆಯಬೇಡಿ. ಸಿಟ್ಟಿನಲ್ಲಿ ಅದಕ್ಕೆ ವಿಷ ಹಾಕುವವರಿದ್ದಾರೆ. ಆ ವಿಷ ಹುಲಿಯೊಂದನ್ನೇ ಕೊಲ್ಲುವುದಿಲ್ಲ, ಅದನ್ನು ತಿನ್ನುವ ಹದ್ದು, ನರಿ, ಊರ ನಾಯಿ ಎಲ್ಲವನ್ನೂ ಕೊಲ್ಲುತ್ತದೆ. ಅಂಥ ಸಿಟ್ಟು ಬರುವ ಮೊದಲೇ ನೀವು ಆ ಮನೆಯ ಅಂಗಳದಲ್ಲಿರಬೇಕು.

7. ಲೆಕ್ಕ ಇಡಿ, ಆದರೆ ಜೋಪಾನ

ತಿಂಗಳಿಗೆ ಎರಡು ಸಲ, ಅದೇ ದಾರಿ, ಅದೇ ಹೊತ್ತು. ಕಂಡ ಗುಂಪು, ಎಷ್ಟು ದೊಡ್ಡವು, ಎಷ್ಟು ಮರಿ, ಯಾವ ಮರದಲ್ಲಿ. ಏನೂ ಕಾಣದ ದಿನವೂ "ಕಾಣಲಿಲ್ಲ" ಅಂತ ಬರೆಯಿರಿ. ಅದನ್ನು ಬಿಟ್ಟರೆ ಲೆಕ್ಕ ಸುಳ್ಳಾಗುತ್ತದೆ. ಅರಣ್ಯ ಭೂಮಿಯಲ್ಲಿ ಕ್ಯಾಮೆರಾ ಟ್ರ್ಯಾಪ್, ಅಂದರೆ ಪ್ರಾಣಿ ಎದುರು ಬಂದಾಗ ತಾನೇ ಫೋಟೋ ತೆಗೆಯುವ ಕ್ಯಾಮೆರಾ, ಇಡಲು ಇಲಾಖೆಯ ಅನುಮತಿ ಬೇಕು.

ಗೂಡು, ಗುಂಪು ಇರುವ ಜಾಗವನ್ನು ವಾಟ್ಸಾಪ್, ಫೇಸ್‌ಬುಕ್‌ನಲ್ಲಿ ಹಾಕಬೇಡಿ. ಒಳ್ಳೆಯ ಮನಸ್ಸಿನಿಂದ ಹಾಕಿದ ಫೋಟೋ ನೋಡಿ ಜನ ಗುಂಪುಗುಂಪಾಗಿ ಬರುತ್ತಾರೆ, ಬೇಟೆಯವರಿಗೂ ದಾರಿ ಸಿಗುತ್ತದೆ. ಕೋತಿಗಳಿಗೆ ಬಾಳೆಹಣ್ಣು, ಬಿಸ್ಕತ್ತು ಕೊಡುವುದೂ ಬೇಡ.

ಮಲೆನಾಡಿನಲ್ಲಿ ಇನ್ನೊಂದು ಎಚ್ಚರಿಕೆ, ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗ ಉಣುಗಿನಿಂದ ಹರಡುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಅಪಾಯ ಜಾಸ್ತಿ. ಆ ತಿಂಗಳುಗಳಲ್ಲಿ ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ಹಾಕಿ, ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ. ಮಂಗ ಸತ್ತು ಬಿದ್ದಿದ್ದರೆ ಮುಟ್ಟಬೇಡಿ, ತಕ್ಷಣ ಆರೋಗ್ಯ ಕೇಂದ್ರಕ್ಕೂ ಅರಣ್ಯ ಇಲಾಖೆಗೂ ತಿಳಿಸಿ.

8. ಘೋಷಣೆ ಬೇಕೇ ಅಂತ ಈಗ ಯೋಚಿಸಿ

ಮೊದಲ ದಿನ ಕೇಳಿದ ಅರ್ಜಿಯ ಪ್ರಶ್ನೆಗೆ ಈಗ ಬರೋಣ. ಖಾಸಗಿ ಅಥವಾ ಸಮುದಾಯದ ಜಾಗವನ್ನು ಜನರೇ ಮುಂದೆ ಬಂದು ಬಿಟ್ಟುಕೊಟ್ಟರೆ ಅದು ಸಮುದಾಯ ಮೀಸಲು ಪ್ರದೇಶ. ಸರ್ಕಾರಿ ಜಾಗವನ್ನು ಸ್ಥಳೀಯರ ಜೊತೆ ಚರ್ಚಿಸಿ ಘೋಷಿಸಿದರೆ ಅದು ಸಂರಕ್ಷಣಾ ಮೀಸಲು ಪ್ರದೇಶ. ಜೀವವೈವಿಧ್ಯ ಕಾಯ್ದೆಯಡಿ ಬರುವುದು ಪಾರಂಪರಿಕ ತಾಣ. ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪು 2007ರಲ್ಲಿ ಹಾಗಾಯಿತು, ದೇಶದಲ್ಲೇ ಮೊದಲನೆಯದು.

ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರು 2007ರಲ್ಲಿ ಸಮುದಾಯ ಮೀಸಲಾಯಿತು. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುವುದು ಮನೆಯಂಗಳದ ಹುಣಸೆ ಮರದಲ್ಲಿ. ಹಕ್ಕಿ ಕೂತರೆ ಹುಣಸೆ ಫಸಲು ಹೋಗುತ್ತದೆ, ಅದಕ್ಕೆ ಇಲಾಖೆ ಮರದ ಯಜಮಾನರಿಗೆ ಹಣ ಕೊಡುವ ಏರ್ಪಾಡು ಮಾಡಿತು. ಹಕ್ಕಿಯ ಹಿಕ್ಕೆ ಹೊಲಕ್ಕೆ ಗೊಬ್ಬರ. ಘೋಷಣೆಗೆ ಎಷ್ಟೋ ತಲೆಮಾರು ಮುಂಚೆಯೇ ಆ ಊರು ಹಕ್ಕಿಗಳನ್ನು ತನ್ನವು ಅಂತ ಒಪ್ಪಿಕೊಂಡಿತ್ತು.

ಉತ್ತರ ಕನ್ನಡದ ಕಥೆಯನ್ನೂ ತಿಳಿದಿರಿ. ಸಿಂಗಳೀಕಕ್ಕಾಗಿ 2011ರಲ್ಲಿ ಅಘನಾಶಿನಿ ಸಂರಕ್ಷಣಾ ಮೀಸಲು ಆಯಿತು. 2019ರಲ್ಲಿ ಅದನ್ನು ಶರಾವತಿ ಕಣಿವೆ ಅಭಯಾರಣ್ಯದ ಜೊತೆ ಸೇರಿಸಿ ಸಿಂಗಳೀಕ ಅಭಯಾರಣ್ಯ ಮಾಡಲಾಯಿತು. ಪ್ರಾಣಿಗೆ ರಕ್ಷಣೆ ಹೆಚ್ಚಿತು, ಅದು ಬೇಕಾದದ್ದೇ. ಆದರೆ ಅಭಯಾರಣ್ಯದ ನಿಯಮ ಬೇರೆ, ಅಲ್ಲಿ ಹೆಕ್ಕುವುದು, ಕೊಯ್ಯುವುದು ಹಕ್ಕು ದಾಖಲಾಗಿಲ್ಲದವರಿಗೆ ಕಷ್ಟ. ಇವತ್ತಿನ ಮೀಸಲು ನಾಳೆ ಅಭಯಾರಣ್ಯ ಆಗಬಹುದು. ಅದಕ್ಕೇ ಹೇಳುವುದು, ಮೊದಲು 4ನೇ ಹಂತದ ಹಕ್ಕಿನ ಅರ್ಜಿ, ಆಮೇಲೆ ಘೋಷಣೆಯ ಅರ್ಜಿ. ತಿರುಗಾಮುರುಗಾ ಮಾಡಿದ ಊರಿನಲ್ಲಿ ಜನ ಪ್ರಾಣಿಯನ್ನೇ ಶತ್ರು ಅಂತ ನೋಡಲು ಶುರು ಮಾಡುತ್ತಾರೆ.

9. ವರ್ಷಕ್ಕೊಂದು ಸಭೆ, ಮೇ ತಿಂಗಳಲ್ಲಿ

ಸಭೆಯನ್ನು ಅಕ್ಟೋಬರ್‌ನ ವನ್ಯಜೀವಿ ಸಪ್ತಾಹಕ್ಕೆ ಇಟ್ಟುಕೊಳ್ಳಬೇಡಿ, ಆಗ ಕೊಯ್ಲು ಮುಗಿದಿರುತ್ತದೆ. ಮೇ ತಿಂಗಳಲ್ಲಿ, ಕಾಯಿ ಇನ್ನೂ ಹಸಿರಾಗಿ ಮರದಲ್ಲಿರುವಾಗ ಸೇರಿ. ಕಳೆದ ವರ್ಷ ಯಾರು ದಿನಕ್ಕೆ ಮೊದಲೇ ಕೊಯ್ದರು, ಯಾಕೆ ಕೊಯ್ದರು, ಕೇಳಿ. ಅವಮಾನ ಮಾಡಬೇಡಿ. ಮನೆಯಲ್ಲಿ ಕಾಯಿಲೆ, ಮಗಳ ಫೀಸು ಅಂತ ಕಾರಣ ಇದ್ದರೆ, ಕಾಯುವ ವಾರಗಳಿಗೆ ಸಂಘದಿಂದ ಸಣ್ಣ ಸಾಲ ಕೊಡಬಹುದಾ ನೋಡಿ. ಮರಿಗಳ ಲೆಕ್ಕವನ್ನು ಗಟ್ಟಿಯಾಗಿ ಓದಿ. ಆಮೇಲೆ ಮರ ಹತ್ತುವವರಲ್ಲಿ ಇಬ್ಬರನ್ನು ಬೆಟ್ಟಕ್ಕೆ ಕಳಿಸಿ, ಕಾಯಿ ನೋಡಿಕೊಂಡು ಬಂದು ಈ ವರ್ಷದ ದಿನ ಹೇಳಲಿ.